ಒಂದು ಕೆಮ್ಮಿದರೆ ಒಳಗೆ

ಅವಳ ಕೆಮ್ಮು ರೋಗದ್ದಲ್ಲ ಎಂಬುದು ಬಹಳ ವರ್ಷ ಅವಳಿಗೆ, ಅವಳ ಗಂಡನಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಅದು ರೋಗದ್ದೇ ಆದಾಗಲೂ ಮೊದಲು ಗೊತ್ತಾದದ್ದು ನಮಗೇ. ಹೋದ ವಾರ ಅವಳು ತೀರಿಕೊಂಡ ಮೂರನೆಯ ದಿನಕ್ಕೆಂದು ಶಹಾಪುರಕ್ಕೆ ಹೋಗಿದ್ದೆ. ಬಂದವರಲ್ಲಿ ಹೆಚ್ಚಿನವರು ಅವಳನ್ನು ಒಬ್ಬ ಗೌಂಡಿಯ ಹೆಂಡತಿ ಎಂದಷ್ಟೇ ಬಲ್ಲವರು. ಅದು ತಪ್ಪೇನಲ್ಲ. ಉಳಿದದ್ದನ್ನು ಬರೆದಿಡಬೇಕೆನಿಸಿತು.

ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ, ಅವಳ ಗಂಡನನ್ನು ಕಾಕಾ. ಬಂಧುಬಳಗವಲ್ಲ. ಶಹಾಪುರದ ಹಳೆಯ ಓಣಿಯಲ್ಲಿ ಅವರ ಮನೆಗೂ ನಮ್ಮ ಬಾಡಿಗೆ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತಿತ್ತು. ಅಪ್ಪ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಕಾಕಾ ಗೋಡೆ ಕಟ್ಟುವ ಗೌಂಡಿ. ಚಿಗವ್ವ ಅವನ ಕೈಗೆ ಕಲ್ಲು, ಇಟ್ಟಿಗೆ, ಸಿಮೆಂಟಿನ ಬುಟ್ಟಿ ಎತ್ತಿಕೊಡುವವಳು. ಇಬ್ಬರೂ ಸಗರದವರು. ಅಲ್ಲಿ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು ಮದುವೆಯಾದ ವರ್ಷವೇ ಶಹಾಪುರಕ್ಕೆ ಬಂದಿದ್ದರು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಮಾತಾಡಿದ್ದನ್ನು ನಾನು ಕೇಳಿಲ್ಲ.

ಬಸ್ ನಿಲ್ದಾಣದ ಹತ್ತಿರ ಬೆಳಿಗ್ಗೆ ಕೂಲಿಯವರು ಕೆಲಸಕ್ಕಾಗಿ ಕಾಯುವ ಜಾಗಕ್ಕೆ ನಮ್ಮಲ್ಲಿ ಅಡ್ಡಾ ಎನ್ನುತ್ತಾರೆ. ಚಹಾದಂಗಡಿಯ ಮುಂದೆ ಗೌಂಡಿಗಳ ಸಾಲು; ಸಿಮೆಂಟ್ ಹಚ್ಚುವ ಕರಣಿ, ತೂಗುಗುಂಡು ತುಂಬಿದ ಚೀಲ ಅವರ ಕಾಲ ಬಳಿ ಇರುತ್ತದೆ. ರಸ್ತೆಯ ಆಚೆ ಬರಿಗೈ ಕೂಲಿಗಳ ಸಾಲು. ಗೌಂಡಿಗಳ ಸಾಲಿನ ಕೊನೆಗೆ ಸ್ವಲ್ಪ ಸರಿದು ಜೋಡಿಗಳು ನಿಲ್ಲುತ್ತವೆ: ಗಂಡ ಗೌಂಡಿ, ಹೆಂಡತಿ ಕೈಯಾಳು. ಗುತ್ತೇದಾರರಿಗೆ ಜೋಡಿ ಅನುಕೂಲ. ಒಂದೇ ಮಾತು, ಒಂದೇ ಪಗಾರ, ಅದೂ ಗಂಡನ ಕೈಗೆ. ಅವರು ಮೋಟರ್‌ಸೈಕಲ್ಲಿನಿಂದ ಇಳಿಯುವುದೂ ಇಲ್ಲ. ಮುಖ ನೋಡಿ, ತೋಳು ನೋಡಿ, ಗದ್ದ ಎತ್ತಿ ಕರೆಯುತ್ತಾರೆ. ಗೌಂಡಿಗಳ ಸಾಲಿನಿಂದ ಒಮ್ಮೆ ಆಚೆಯ ಸಾಲಿಗೆ ಹೋದವನು ತಿರುಗಿ ಈಚೆ ಬಂದದ್ದನ್ನು ಯಾರೂ ನೋಡಿಲ್ಲ. ಪಗಾರ ಅರ್ಧಕ್ಕೆ ಇಳಿಯುತ್ತದೆ, ಹೊರುವ ಭಾರ ಹೆಚ್ಚುತ್ತದೆ.

ಹೀಗಾಗಿ ನಲವತ್ತು ದಾಟಿದ ಗೌಂಡಿಗಳೆಲ್ಲ ರವಿವಾರ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಚಿಗವ್ವ ಹಲ್ಲುಜ್ಜುವ ಹಳೆಯ ಬ್ರಶ್ಶು ಹಿಡಿದು, ಗಂಡನನ್ನು ಅಂಗಳದಲ್ಲಿ ಕೂರಿಸಿ, ಮೀಸೆಯನ್ನೂ ಬಿಡದೆ ಹಚ್ಚುತ್ತಿದ್ದಳು. ನಮ್ಮವ್ವ ನೋಡಿ ನಕ್ಕರೆ, "ನಗಬ್ಯಾಡಕ್ಕ. ಇದು ವಯ್ಯಾರಕ್ಕಲ್ಲ, ಪಗಾರಕ್ಕ" ಎನ್ನುತ್ತಿದ್ದಳು. ಕಾಕಾ ಮಾತ್ರ ಶಾಲೆಯ ಹುಡುಗನ ಹಾಗೆ ಕಣ್ಣು ಮುಚ್ಚಿ ಕೂತಿರುತ್ತಿದ್ದ.

ತಲೆಯದು ಬಣ್ಣದಿಂದ ಮುಚ್ಚಿತು. ಕಣ್ಣಿನದು ಮುಚ್ಚುವಂತಿರಲಿಲ್ಲ. ಕಾಕಾನಿಗೆ ಹತ್ತಿರದ್ದು ಮಸುಕಾಗತೊಡಗಿತ್ತು. ಊರಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಪುಕ್ಕಟೆ ಕನ್ನಡಕ ಕೊಟ್ಟಿದ್ದರು. ಅದು ಬುದ್ಧನ ಫೋಟೋದ ಪಕ್ಕದ ಗೂಡಿನಲ್ಲಿ ಇರುತ್ತಿತ್ತು. ಮನೆಯಲ್ಲಿ ಅದನ್ನು ಹಾಕಿಕೊಂಡು ಹೆಂಡತಿಗೆ ಅಕ್ಕಿಯ ಕಲ್ಲು ಆರಿಸಿಕೊಡುತ್ತಿದ್ದ. ಅಡ್ಡಾಕ್ಕೆ ಹಾಕಿಕೊಂಡು ಹೋಗುವಂತಿರಲಿಲ್ಲ, ಕೆಲಸದ ಜಾಗದಲ್ಲೂ ತೆಗೆಯುವಂತಿರಲಿಲ್ಲ. ಕನ್ನಡಕದ ಗೌಂಡಿ ಎಂದರೆ ಇವತ್ತಲ್ಲ ನಾಳೆ ಅಟ್ಟಣಿಗೆಯಿಂದ ಬೀಳುವ ಗೌಂಡಿ ಎಂದೇ ಗುತ್ತೇದಾರರ ಎಣಿಕೆ. ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಆಗ ನನಗೆ ಕಾಣುತ್ತಿದ್ದದ್ದು ಚಿಗವ್ವ ಮಾತ್ರ.

ಅವಳು ಎತ್ತರದ ಹೆಂಗಸಲ್ಲ. ಸಿಂಬಿಯ ಮೇಲೆ ಬುಟ್ಟಿ ಹೊತ್ತು ಹೊತ್ತು ನಡುನೆತ್ತಿಯ ಕೂದಲು ಹೋಗಿ ನುಣುಪಾಗಿತ್ತು. ಸೆರಗು ಜಾರಿದರೆ ಮೊದಲು ಅದನ್ನೇ ಮುಚ್ಚಿಕೊಳ್ಳುತ್ತಿದ್ದಳು. ಯಾರ ಮನೆಗೆ ಹೋದರೂ ಕೂಡುವ ಮೊದಲು ಅಂಗೈಯಿಂದ ಗೋಡೆಯನ್ನೊಮ್ಮೆ ಸವರುವಳು. ಮದುವೆಯ ಮನೆಯಾದರೂ ಸರಿ, ಸತ್ತವರ ಮನೆಯಾದರೂ ಸರಿ. ನಮ್ಮ ಬೀಗರ ಮನೆಯೊಂದರಲ್ಲಿ ಹೀಗೆ ಸವರಿ, "ಇದನ್ನ ಕಟ್ಟಿದಾಂವ ಅವತ್ತು ಹೇಂತಿ ಕೂಡ ಜಗಳಾಡಿ ಬಂದಾನ" ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ನಾನು ನಗು ತಡೆಯಲಾರದೆ ಊಟದ ಪಂಕ್ತಿಯಿಂದ ಎದ್ದು ಹೋಗಬೇಕಾಯಿತು.

ಸುರಪುರದ ರಸ್ತೆಯ ಎರಡೂ ಬದಿಗೆ ಅವರಿಬ್ಬರು ಕಟ್ಟಿದ ಮನೆಗಳಿವೆ. ಕಾಲುವೆಯ ನೀರು ಬಂದ ಮೇಲೆ ಭತ್ತದಲ್ಲಿ, ಗೊಬ್ಬರದಲ್ಲಿ, ರಸ್ತೆ ಗುತ್ತಿಗೆಯಲ್ಲಿ ಕೈ ತುಂಬಿಕೊಂಡವರ ಮನೆಗಳು. ಅಕ್ಕಿ ಗಿರಣಿಯ ಮಾಲೀಕರೊಬ್ಬರು ಕೆಳಗಿನ ಮನೆಗೆ ಇವರನ್ನು ಕರೆದರು, ಅದರ ಮೇಲಿನ ಮಾಳಿಗೆಗೂ ಕರೆದರು, ಅದರ ಮೇಲಿನದಕ್ಕೂ ಕರೆದರು. ಮನೆ ಒಕ್ಕಲಾಗುವ ದಿನ ಗೌಂಡಿಗೆ ಒಂದು ಟವೆಲ್, ಅವನ ಹೆಂಡತಿಗೆ ಒಂದು ಕುಪ್ಪಸದ ಖಣ ಕೊಡುವುದು ನಮ್ಮ ಕಡೆಯ ಪದ್ಧತಿ. ಚಿಗವ್ವ ಆ ಖಣಗಳನ್ನು ಹೊಲಿಸುತ್ತಿರಲಿಲ್ಲ. ಟ್ರಂಕಿನಿಂದ ಒಂದೊಂದಾಗಿ ತೆಗೆದು, ಇದು ಗಿರಣಿಯವರ ಮಾಳಿಗೆ, ಇದು ಡಾಕ್ಟರರ ಕಂಪೌಂಡು ಎಂದು ತೋರಿಸುತ್ತಿದ್ದಳು. ಒಕ್ಕಲಾದ ಮೇಲೆ ಆ ಮನೆಗಳ ಒಳಗೆ ಅವಳು ಕಾಲಿಟ್ಟಿದ್ದಿಲ್ಲ.

ಅವರದು ತಗಡು ಹೊದಿಸಿದ ಒಂದು ಕೋಣೆ, ಅದಕ್ಕೆ ಅಂಟಿದ ಅಡುಗೆಯ ಮೂಲೆ. ಗೋಡೆಗೆ ಗಿಲಾವ, ಎಂದರೆ ಸಿಮೆಂಟಿನ ಲೇಪ, ಕೊನೆಯವರೆಗೂ ಬೀಳಲಿಲ್ಲ. ಊರಿಗೆಲ್ಲ ಗಿಲಾವ ಮಾಡುತ್ತೀರಿ, ನಿಮ್ಮ ಗೋಡೆಗೆ ಯಾವಾಗ ಎಂದು ಅವ್ವ ಒಮ್ಮೆ ಕೇಳಿದಳು.

"ಬ್ಯಾಡಕ್ಕ," ಎಂದಳು ಚಿಗವ್ವ. "ಗಿಲಾವ ಮಾಡಿದ್ರ ಸಂಜೀಕ ದಣದು ಬಂದಾಗ ಯಾರದೋ ಮನಿ ಅಂತ ಮುಂದಕ್ಕ ಹೋಗಿಬಿಡ್ತೀವಿ."

ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದಾಗ ಅಪ್ಪ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಲು ಹಿಡಿದ. ಅಣ್ಣನಿಗೆ ಸರಕಾರಿ ನೌಕರಿ ಸಿಕ್ಕಿತ್ತು. ಅದೊಂದರಿಂದಲೇ ನಮ್ಮ ಮನೆಯವರು ಓಣಿ ಬಿಡುವಂತಾಯಿತು. ಕೆಲಸವನ್ನು ಗುತ್ತೇದಾರನಿಗೆ ಒಪ್ಪಿಸಲಾಗಿತ್ತು. ಅವನು ಅಡ್ಡಾದಿಂದ ಕರೆತಂದ ಜೋಡಿ ಇವರೇ. ರಜೆಯಲ್ಲಿ ಬಂದ ನನ್ನನ್ನು ಅವ್ವ ಸಿಮೆಂಟಿನ ಚೀಲಗಳ ಮೇಲೆ ಕಣ್ಣಿಡಲು ಕೂರಿಸಿದಳು. ಬೇವಿನ ನೆರಳಿನಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತೆ.

ಕಾಕಾ ಸಿಮೆಂಟಿನ ಬ್ಲಾಕ್ ಇಡುವನು. ಗೋಡೆಯ ನೇರ ನೋಡುವ ತೂಗುಗುಂಡನ್ನು ಇಳಿಬಿಡುವನು, ಆದರೆ ಅದರ ಕಡೆ ನೋಡುತ್ತಿರಲಿಲ್ಲ. ತಡೆಯುವನು. ಕೆಳಗೆ ಬುಟ್ಟಿ ಹಿಡಿದು ನಿಂತ ಚಿಗವ್ವ ಒಮ್ಮೆ ಕೆಮ್ಮಿದರೆ ಕರಣಿಯ ಹಿಡಿಯಿಂದ ಬ್ಲಾಕನ್ನು ಮೆಲ್ಲಗೆ ಒಳಕ್ಕೆ ತಟ್ಟುವನು. ಅವಳು ಎರಡು ಸಲ ಕೆಮ್ಮಿದರೆ ಹೊರಕ್ಕೆ. ಕೆಮ್ಮದೆ ಬುಟ್ಟಿ ಎತ್ತಿಕೊಟ್ಟರೆ ಮುಂದಿನ ಬ್ಲಾಕಿಗೆ ಕೈ ಹಾಕುವನು. ಅವಳು ನೀರು ಕುಡಿಯಲು ಹೋದಾಗ ಕೆಲಸ ನಿಲ್ಲಿಸಿ ತಂಬಾಕು ತಿಕ್ಕುತ್ತ ನಿಲ್ಲುವನು. ಮೊದಲು ನನಗೆ ಅವಳಿಗೆ ನೆಗಡಿಯಾಗಿದೆ ಎನಿಸಿತು. ಎರಡು ಮೂರು ದಿನ ನೋಡಿದ ಮೇಲೆ ತಿಳಿಯಿತು.

ನನಗೆ ತಿಳಿದದ್ದು ಅವಳಿಗೂ ತಿಳಿಯಿತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬಂದು ಪಕ್ಕಕ್ಕೆ ಕೂತಳು.

"ನಿನ್ನ ಕಣ್ಣು ಚಲೋ ಅದಾವವ್ವ," ಎಂದಳು. "ಬಾಯಿನೂ ಹಂಗ ಚಲೋ ಇರಲಿ."

ಯಾರಿಗೂ ಹೇಳುವುದಿಲ್ಲ ಎಂದೆ.

"ಗುತ್ತೇದಾರಗ ಗೊತ್ತಾತಂದ್ರ ನಿಮ್ಮ ಕಾಕಾ ನಾಳಿಂದ ಆಚೀ ಸಾಲಿನ್ಯಾಗ ನಿಂದರಬೇಕು. ಬುಟ್ಟಿ ಹೊರೋದು ನನಗ ರೂಢಿ ಅದ. ಆ ಮನಷಾಗ ಆಗಂಗಿಲ್ಲ. ಕರಣಿ ಬಿಟ್ರ ಆ ಕೈ ಏನೂ ಹಿಡದಿಲ್ಲ."

ನೀನೇ ಯಾಕೆ ಕಟ್ಟಬಾರದು ಎಂದು ಕೇಳಿದೆ. ಅವಳು ಜೋಳದ ರೊಟ್ಟಿಯೊಂದನ್ನು ಪುಂಡಿಪಲ್ಯೆಯ ಜೊತೆ ನನ್ನ ಕೈಗಿಟ್ಟು, "ಎಂ.ಎ. ಓದಾಕತ್ತಿ, ಅಡ್ಡಾದಾಗ ಕರಣಿ ಹಿಡದ ಹೆಂಗಸನ್ನ ಎಲ್ಲಿ ನೋಡೀದಿ?" ಎಂದಳು. ನೋಡಿರಲಿಲ್ಲ. ಈಗಲೂ ನೋಡಿಲ್ಲ.

ಆ ಮನೆಯಲ್ಲಿ ನನ್ನ ಕೋಣೆಯ ಗೋಡೆಗಳು ನೆಟ್ಟಗಿವೆ. ಒಕ್ಕಲಿನ ದಿನ ಅವ್ವ ಅವಳಿಗೆ ಹಸಿರು ಖಣ ಕೊಟ್ಟಳು. ನಮ್ಮ ಮನೆಯ ಒಳಗೆ ಮಾತ್ರ ಅವಳು ಆಮೇಲೂ ಬರುತ್ತಿದ್ದಳು. ಬಂದಾಗ ಗೋಡೆ ಸವರುತ್ತಿರಲಿಲ್ಲ.

ಓದು ಮುಗಿದು ನನಗೆ ಸುರಪುರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ರಂಗಂಪೇಟೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದೆ, ವಾರದ ಕೊನೆಗೆ ಶಹಾಪುರಕ್ಕೆ ಬಂದು ಹೋಗುತ್ತಿದ್ದೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಎದುರಿಗೇ ಅಡ್ಡಾ. ಮೊದಲ ಸೋಮವಾರ ಚಿಗವ್ವ ಜೋಡಿಗಳ ಸಾಲಿನಿಂದಲೇ, "ಹೊಂಟ್ರೇನ್ರಿ?" ಎಂದು ಕೂಗಿ ಕೇಳಿದಳು. ನನ್ನ ಮೂಗು ಒರೆಸಿ ಬೆಳೆಸಿದವಳು. ಹತ್ತಿರ ಹೋಗಿ, ಹಾಗೆ ಕರೆಯಬೇಡ ಎಂದೆ. ಅವಳು ದನಿ ತಗ್ಗಿಸಿ, "ಇಲ್ಲಿ ಹಂಗ ಅನಬೇಕು. ಮನ್ಯಾಗ ಬೇಕಾದ್ರ ಬೈತೀನಿ ಬಾ" ಎಂದಳು. ಆ ಬೆಳಗುಗಳಲ್ಲಿ ನಾವು ಕಾಯುತ್ತಿದ್ದದ್ದು ಒಂದೇ ರಸ್ತೆಯ ಬದಿಗೆ. ನನ್ನ ಬಸ್ಸು ಬಂದೇ ಬರುತ್ತಿತ್ತು.

ಅಡ್ಡಾದಲ್ಲಿ ಬಿಸಿಲೇರಿದ ಮೇಲೂ ಜನ ಉಳಿಯತೊಡಗಿದರು. ದೊಡ್ಡ ಕಟ್ಟಡಗಳಿಗೆ ಈಗ ಹೊರರಾಜ್ಯದ ಹುಡುಗರ ಗುಂಪುಗಳನ್ನು ತಂದು ಕಟ್ಟಡದಲ್ಲೇ ಇಳಿಸಿಕೊಳ್ಳುತ್ತಾರೆ. ಕೆಲಸ ಸಿಗದವರು ಅವರನ್ನು ಬಯ್ಯುತ್ತಿದ್ದರು. ಚಿಗವ್ವ ಬಯ್ಯಲಿಲ್ಲ. ಅವರೂ ತಮ್ಮೂರ ಅಡ್ಡಾದಲ್ಲಿ ನಿಂತು ಸಾಕಾಗಿಯೇ ಇಷ್ಟು ದೂರ ಬಂದಿರಬೇಕು ಎನ್ನುತ್ತಿದ್ದಳು.

ಗೋಡೆಯ ಕೆಲಸ ಸಿಗದ ದಿನಗಳಲ್ಲಿ ಇಬ್ಬರೂ ನೆಲಕ್ಕೆ ಗ್ರಾನೈಟ್ ಕತ್ತರಿಸಿ ಹಾಸುವ ಕೆಲಸಕ್ಕೆ ಹೋದರು. ಮಷಿನ್ ಹಿಡಿಯುವವನು ಕಾಕಾ, ಕಲ್ಲನ್ನು ಅದುಮಿ ಹಿಡಿಯುವವಳು ಅವಳು. ಕತ್ತರಿಸುವ ಗೆರೆ ಕಾಣುತ್ತಿದ್ದದ್ದು ಅವಳಿಗಾದ್ದರಿಂದ ಮುಖವನ್ನು ಕಲ್ಲಿಗೆ ಹತ್ತಿರ ಬಗ್ಗಿಸಿಕೊಂಡೇ ಇರಬೇಕಾಗುತ್ತಿತ್ತು. ಸಂಜೆ ಮನೆಗೆ ಬರುವಾಗ ಹುಬ್ಬು, ರೆಪ್ಪೆಯೆಲ್ಲ ಬಿಳಿ. "ನೋಡು, ಒಂದ ದಿನದಾಗ ಮುದಿಕ್ಯಾದೆ," ಎಂದು ನಗುತ್ತಿದ್ದಳು. ಕೆಲವು ತಿಂಗಳಲ್ಲಿ ಖರೆಯ ಕೆಮ್ಮು ಬಂತು.

ಗೋಡೆಯ ಕೆಲಸ ಸಿಕ್ಕ ದಿನ ಈ ಕೆಮ್ಮು ಬರುವಂತಿರಲಿಲ್ಲ. ಬಂದರೆ ಕಾಕಾನ ಕೈ ಆಡುತ್ತದೆ, ಗೋಡೆ ಬಾಗುತ್ತದೆ. ಹೀಗಾಗಿ ಅವಳು ಅದನ್ನು ನುಂಗಲು ಕಲಿತಳು. ಸೆರಗಿನ ತುದಿಯನ್ನು ಮಡಚಿ ಹಲ್ಲಿನ ನಡುವೆ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿದರೂ ಎದೆಯನ್ನು ಅಲುಗಿಸದೆ ನಿಲ್ಲುವಳು. ಬೇಕಾದಾಗ ಸೆರಗು ತೆಗೆದು ಲೆಕ್ಕದ ಕೆಮ್ಮು ಕೆಮ್ಮುವಳು. ಸಂಜೆ ಮನೆ ಹೊಕ್ಕು ಬಾಗಿಲು ಹಾಕಿಕೊಂಡ ಮೇಲೆ ಇಡೀ ದಿನದ್ದನ್ನು ಒಟ್ಟಿಗೆ ಕೆಮ್ಮುತ್ತಿದ್ದಳಂತೆ. ನಮ್ಮ ಹಳೆಯ ಮನೆಗೆ ಬಂದ ಬಾಡಿಗೆಯವರು ಗೋಡೆ ಬಡಿದು ಬಯ್ಯುತ್ತಿದ್ದರು.

ಸನ್ನೆಯನ್ನೇ ಬದಲಿಸಬಾರದೇ ಎಂದು ಕೇಳಿದೆ. ಬದಲಿಸಿ ನೋಡಿದ್ದರು. ಬಳೆಯನ್ನು ಬುಟ್ಟಿಗೆ ಬಡಿದರೆ ಕಾಂಕ್ರೀಟಿನ ಮಷಿನ್ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಬಾಯಲ್ಲಿ ಹೇಳಿದರೆ ಉಳಿದವರಿಗೆ ಕೇಳುತ್ತಿತ್ತು. ಅ‌ದಕ್ಕಿಂತ ಮುಖ್ಯವಾಗಿ, ಕಾಕಾನ ಕೈ ಅವಳ ಕೆಮ್ಮಿನ ಹೊರತು ಬೇರೆ ಯಾವುದನ್ನೂ ನಂಬುತ್ತಿರಲಿಲ್ಲ.

ಹತ್ತಿಗುಡೂರಿನ ಕಡೆ ಸಾಲು ಅಂಗಡಿಗಳು ಏಳುತ್ತಿದ್ದವು. ಅಲ್ಲಿ ಅವರಿಗೆ ಬಹಳ ದಿನದ ಕೆಲಸ ಸಿಕ್ಕಿತ್ತು, ಮಳೆಗಾಲ ದಾಟುವಷ್ಟು. ಅಲ್ಲಿಯೇ ಅದು ಆದದ್ದು. ನನಗೆ ಅವಳು ಹೇಳಿದ್ದು ಮುಂದಿನ ಸೋಮವಾರ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು, ತಮಾಷೆಯ ಕತೆಯ ಹಾಗೆ.

ಸೆರಗು ಕಚ್ಚಿಕೊಂಡೇ ಇದ್ದಳು, ಆದರೂ ಕೆಮ್ಮು ತಪ್ಪಿಸಿಕೊಂಡಿತು. ಒಂದು ಬಂತು. ಕಾಕಾ ಒಳಗೆ ತಟ್ಟಿದ. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೆ ಒಳಗೆ. ಬೇಡ ಎನ್ನಲು ಅವಳಿಗೆ ಉಸಿರು ಇರಲಿಲ್ಲ. ಅಲ್ಲೇ ಮರಳಿನ ಮೇಲೆ ಕುಸಿದು ಕೂತು, ತಡೆತಡೆದು ಕೆಮ್ಮುತ್ತಲೇ ಇದ್ದಳು. ಕಾಕಾ ಸಾಲಿನ ಉದ್ದಕ್ಕೂ ಒಂದೊಂದೇ ಬ್ಲಾಕನ್ನು ಒಳಕ್ಕೆ ತಟ್ಟುತ್ತ ಹೋದ. ಮಧ್ಯಾಹ್ನ ಎಂಜಿನಿಯರ್ ಬಂದ. ಚಿಕ್ಕ ವಯಸ್ಸಿನವನು, ಬಿಗಿ ಪ್ಯಾಂಟು. ಅವನು ಬಗ್ಗಲಾರದೆ ಬಗ್ಗಿ ಗೋಡೆಗೆ ರಸಮಟ್ಟ ಹಿಡಿದದ್ದನ್ನು ಅವಳು ಕಟ್ಟೆಯ ಮೇಲೆ ಕೂತಲ್ಲೇ ನನಗೆ ಮಾಡಿ ತೋರಿಸಿದಳು. ಇದನ್ನು ಕಟ್ಟಿದವರು ಯಾರು ಎಂದು ಅವನು ಕೇಳಿದನಂತೆ. ಕಾಕಾ ಬಾಯಿ ತೆರೆಯುವ ಮೊದಲೇ ಅವಳು ಎದ್ದು ಮುಂದೆ ಹೋಗಿ, ನೀರು ಹೀರಿದ ಹಸಿ ಬ್ಲಾಕು ಕೊಟ್ಟವಳು ತಾನು, ಅವು ಜಾರಿದವು, ತಪ್ಪು ತನ್ನದು ಎಂದಳು. ಹೆಂಡತಿ ಹೇಳಿದ ಹಾಗೆ ಗೋಡೆ ಕಟ್ಟುತ್ತಾನೇನು ಇವನು ಎಂದು ಎಂಜಿನಿಯರ್ ಗುತ್ತೇದಾರನನ್ನು ಕೇಳಿದ. ಅಲ್ಲಿದ್ದವರೆಲ್ಲ ನಕ್ಕರು. ಕಾಕಾನೂ ನಗಬೇಕಾಯಿತು.

ಗೋಡೆಯನ್ನು ಅವರ ಕೈಯಿಂದಲೇ ಕೆಡವಿಸಿದರು.

"ನಾವ ಕಟ್ಟಿದ್ವಿ, ನಾವ ಕೆಡವಿದ್ವಿ," ಎಂದಳು. "ಕೆಡವುವಾಗ ಒಂದ ಸಲನೂ ಕೆಮ್ಮು ಬರಲಿಲ್ಲ ನೋಡು. ಹಾಳಾದ್ದು."

ನಾನು ಅವಳನ್ನು ಯಾದಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ತಾಳ್ಮೆಯವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅವಳಿಗೂ ತೋರಿಸಿದರು. ಧೂಳು ಎದೆಯಲ್ಲಿ ಕೂತಿದೆ, ಅದನ್ನು ಹೊರಗೆ ತೆಗೆಯಲು ಬರುವುದಿಲ್ಲ, ಇನ್ನಷ್ಟು ಹೋಗದಂತೆ ನೋಡಿಕೊಳ್ಳಬೇಕು, ಈ ಕೆಲಸ ಬಿಡಬೇಕು ಎಂದು ಎರಡೆರಡು ಸಲ ಬಿಡಿಸಿ ಹೇಳಿದರು. ಚಿಗವ್ವ ಕೈಕಟ್ಟಿಕೊಂಡು ಎಲ್ಲ ಕೇಳಿದಳು.

"ಒಂದ ಗುಳಿಗಿ ಬರದು ಕೊಡ್ರಿ ಸಾಹೇಬ್ರ," ಎಂದಳು ಕೊನೆಗೆ. "ಹಗಲೊತ್ತಷ್ಟ ಕೆಮ್ಮು ನಿಂತ್ರ ಸಾಕು. ಸಂಜಿ ಮ್ಯಾಲ ಎಷ್ಟರ ಬರಲಿ."

ಡಾಕ್ಟರು ಇದೇನು ಎಂಬಂತೆ ನನ್ನ ಕಡೆ ನೋಡಿದರು. ನಾನು ಅವಳಿಗೆ ಮಾತು ಕೊಟ್ಟಿದ್ದೆ. ಹೊರಗೆ ಔಷಧಿಯ ಸಾಲಿನಲ್ಲಿ ನಿಂತಾಗ ಅವಳ ಅಂಗೈ ತಾನಾಗಿಯೇ ಆಸ್ಪತ್ರೆಯ ಗೋಡೆಯ ಮೇಲೆ ಹೋಯಿತು. ಚಲೋ ಕಟ್ಟಿದ್ದಾರೆ ಎಂದಳು.

ಕೆಡವಿದ ಗೋಡೆಯ ಸುದ್ದಿ ಅಡ್ಡಾಕ್ಕೆ ಬರಲು ತಡವಾಗಲಿಲ್ಲ. ಕಾಕಾನ ಕಣ್ಣಿನ ಮಾತು ಯಾರೂ ಎತ್ತಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆ ಜೋಡಿ ಬೇಡ ಎಂದಷ್ಟೇ. ದೀಪಾವಳಿಯ ನಂತರದ ಒಂದು ಸೋಮವಾರ ನಾನು ಬಸ್ಸಿಗೆಂದು ಹೋದಾಗ ಕಾಕಾ ರಸ್ತೆಯ ಆಚೆ ಬರಿಗೈ ಕೂಲಿಗಳ ಸಾಲಿನಲ್ಲಿ ನಿಂತಿದ್ದ. ಕರಣಿಯ ಚೀಲ ಇರಲಿಲ್ಲ. ತಲೆ ಬೆಳ್ಳಗಿತ್ತು. ಮುಖದ ಮೇಲೆ ಕನ್ನಡಕ ಇತ್ತು. ಬೀದಿಯಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು.

ಚಿಗವ್ವ ಅವನ ಹಿಂದೆ, ಇನ್ನೂ ತೆರೆಯದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದಳು. ಕೆಲಸ ಮಾಡುವ ಶಕ್ತಿ ಅವಳಲ್ಲಿ ಆಗಲೇ ಇರಲಿಲ್ಲ. ಜೊತೆಗೆ ಬರುವುದನ್ನು ಬಿಟ್ಟಿರಲಿಲ್ಲ. ಪಕ್ಕಕ್ಕೆ ಹೋಗಿ ಕೂತೆ.

"ಈಗ ಎಲ್ಲಾ ಚಂದ ಕಾಣ್ತದಂತ ನಿಮ್ಮ ಕಾಕಾಗ," ಎಂದಳು.

ಒಳ್ಳೆಯದಾಯಿತಲ್ಲ ಎಂದೆ.

"ಏನ್ ನೋಡಾಕತ್ತಾನ ಕೇಳು. ಬುಟ್ಟಿ."

ಆಮೇಲೆ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಅಲ್ಲಿ ಕಟ್ಟುವ ಗೋಡೆ ಯಾವುದೂ ಇರಲಿಲ್ಲ, ಕೆಮ್ಮಿಬಿಡು ಎನ್ನಬೇಕೆನಿಸಿತು. ಎದುರಿನ ಸಾಲಿನ ಗೌಂಡಿಗಳು, ಅವರ ಹೆಂಡಂದಿರು ನಮ್ಮನ್ನೇ ನೋಡುತ್ತಿದ್ದರು. ಅವಳು ನುಂಗಿಕೊಂಡಳು. ನನ್ನ ಬಸ್ಸು ಬಂತು.

ತೀರಿಕೊಂಡಾಗ ಅವಳಿಗೆ ಐವತ್ತಾಗಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಆ ವಯಸ್ಸಿನವರು ಮಗಳ ಮದುವೆಗೆ ರಜೆ ಹಾಕುತ್ತಾರೆ, ಬಡ್ತಿಯ ಮಾತಾಡುತ್ತಾರೆ.

ಮೂರನೆಯ ದಿನ ಮನೆಯಲ್ಲಿ ಬಹಳ ಜನರಿಗೆ ಜಾಗವಿರಲಿಲ್ಲ. ಬುದ್ಧನ ಫೋಟೋದ ಮುಂದೆ ಮೇಣದಬತ್ತಿ, ಊದುಬತ್ತಿ ಹಚ್ಚಿದ್ದರು. ಸಗರದಿಂದ ಬಂದ ಹೆಂಗಸರು ಟ್ರಂಕು ತೆಗೆದು ಆ ಖಣಗಳನ್ನು ಹಂಚಿಕೊಳ್ಳುವ ಮಾತಾಡುತ್ತಿದ್ದರು. ಯಾವುದು ಯಾರ ಮನೆಯದೆಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಹಸಿರು ಖಣ ಮೇಲೆಯೇ ಇತ್ತು. ಕಾಕಾ ಗಿಲಾವಿಲ್ಲದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಕನ್ನಡಕ ಗೂಡಿನಲ್ಲಿತ್ತು, ಕೈಗಳು ಮೊಣಕಾಲ ಮೇಲಿದ್ದವು. ನಾನು ಹೋಗಿ ಎದುರಿಗೆ ಕೂತದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ.

ಬಾಗಿಲ ಬಳಿ ಕೂತಿದ್ದ ಮುದುಕಿಯೊಬ್ಬಳು ಊದುಬತ್ತಿಯ ಹೊಗೆಗೆ ಒಮ್ಮೆ ಕೆಮ್ಮಿದಳು.

ಕಾಕಾನ ಬಲಗೈ ಮೊಣಕಾಲಿನಿಂದ ಸ್ವಲ್ಪವೇ ಎದ್ದು, ಮೆಲ್ಲಗೆ, ಒಳಕ್ಕೆ ಒಂದು ತಟ್ಟು ತಟ್ಟಿತು. ಆಮೇಲೆ ಹಾಗೆಯೇ ನಿಂತು ಕಾಯಿತು.